ಹಿತ್ತಾಳೆಯ ಒಂದು ಅಕ್ಷರ

ಗಬ್ಬೂರ, ಭಾನುವಾರ

ತಪ್ಪಕ್ಷರಗಳ ಪರಮ ಶತ್ರುವೂ ನನ್ನ ಕನ್ನಡ ಗುರುಗಳೂ ಆದ ಮಾಳಮಡ್ಡಿಯ ರಜನಿ ಅಕ್ಕೋರ ಸನ್ನಿಧಿಗೆ, ಕಮ್ಮಾರ ಫಕೀರಪ್ಪನ ಮಗಳ ಸಾಷ್ಟಾಂಗ ನಮಸ್ಕಾರ.

ನಿಮ್ಮ ಮನೆಯ ಹಿತ್ತಾಳೆ ಫಲಕಕ್ಕೆ ‘ಶಾಂತಿ ಸದನ’ದ ಬದಲು ‘ಶಾಂತಿ ಕದನ’ ಎಂದು ಬರೆದುಕೊಟ್ಟವಳು ನಾನೇ. ನಿಮ್ಮ ಮತ್ತು ನಿಮ್ಮ ಯಜಮಾನರಾದ ಕಾಕಾ ಅವರ ಜಗಳ ಓಣಿಗೆಲ್ಲ ಗೊತ್ತು, ನಗುತ್ತೀರಿ ಎಂದುಕೊಂಡೆ. ಅಪ್ಪನಿಗೆ ಓದಲು ಬಾರದೆಂಬುದು ಆಗ ನನಗೆ ಅನುಕೂಲವೇ ಆಯಿತು. ತಗಡು ಬಿರುಸಾದಾಗಲೆಲ್ಲ ಮನೆಯ ಕುಲುಮೆಯಲ್ಲಿ ಕಾಯಿಸಿ ಮೆತ್ತಗೆ ಮಾಡಿಕೊಂಡು, ನಾನು ಗೀಚಿದ ಗೆರೆಯ ಮೇಲೆಯೇ ಮೂರು ದಿನ ಉಳಿ ಹಿಡಿದು ತಟ್ಟಿದ.

ಅವನು ತಂದುಕೊಟ್ಟಾಗ ನೀವು ಓದಿ, ಅವನ ಮುಖ ನೋಡಿ, “ಅಕ್ಷರ ಮುತ್ತಿನಂಗ ಅದಾವ್ರಿ ಫಕೀರಪ್ಪ” ಎಂದಿರಂತೆ. ಬಾಗಿಲಿಗೂ ಹಾಕಿದಿರಿ. ಬೈದಿದ್ದರೆ ಚೆನ್ನಾಗಿತ್ತು.

ಈ ಪತ್ರ ಮುಟ್ಟಿದ ಕೂಡಲೇ ಅದನ್ನು ಇಳಿಸಿಡಿ. ಹೊಸದನ್ನು ನಾನೇ ತಟ್ಟಿ ತರುತ್ತೇನೆ, ಅಪ್ಪನದರಷ್ಟು ಅಂದವಾಗಿರುವುದಿಲ್ಲ. ಅವನೀಗ ಓದಲು ಕಲಿಯುತ್ತಿದ್ದಾನೆ. “ಮೊದಲ ಅಕ್ಕೋರ ಮನಿ ಹೆಸರ ಕಲಸವ್ವಾ, ಹೋಗಿ ಓದಿ ಬರ್ತೇನಿ” ಎಂದ. ಇವತ್ತು ‘ಶಾಂತಿ’ ಮುಗಿಯಿತು. ನಾಳೆ ‘ಸ’ ಕಲಿಸಬೇಕು.

ತಲೆ ಎತ್ತಲಾಗದ ನಿಮ್ಮ ವಿದ್ಯಾರ್ಥಿನಿ,
ಶಕುಂತಲಾ