ತಾತನ್ನ ರಿಜಿಡ್ ಅಂದಿದ್ದಕ್ಕೆ

ಬೊಮ್ಮಸಂದ್ರ
೧೪ ಸೆಪ್ಟೆಂಬರ್ ೨೦೦೯

ನನ್ನ ಮುದ್ದು ಲಾವಣ್ಯಮ್ಮನಿಗೆ,

ಹೇಗಿದ್ದೀಯ ತಾಯಿ? ಕೆಮ್ಮು ವಾಸಿಯಾಯಿತಾ? ಮೈಸೂರಿನ ಹಾಸ್ಟೆಲ್ ಸಾರು ಒಗ್ಗಿತಾ? ನನ್ನ ಮಂಡಿನೋವು ಹಾಗೇ ಇದೆ, ಇದ್ದುಕೊಳ್ಳಲಿ ಬಿಡು. ನಿಮ್ಮಮ್ಮ ಕೆಲಸಕ್ಕೆ ಸೇರಿದ್ದು ನಿನಗೆ ಗೊತ್ತು. ಅದು ಹೇಗಾಯಿತು ಅನ್ನೋದನ್ನ ಫೋನಿನಲ್ಲಿ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೀನಿ.

ಯುಗಾದಿಗೆ ಬಂದು ಹೊರಡುವಾಗ ನೀನು, "ತಾತ, ನೀನು ತುಂಬ ರಿಜಿಡ್" ಅಂದೆಯಲ್ಲ, ನಾನು ಹೊಗಳಿಕೆ ಅಂದುಕೊಂಡೆ. ಪಕ್ಕದ ಶೆಡ್ಡಿನ ಮೇಸ್ತ್ರಿ ಕಂಬ ನಿಲ್ಲಿಸಿ, "ಈಗ ರಿಜಿಡ್ಡಾಯ್ತು, ಅಲ್ಲಾಡಲ್ಲ" ಅಂತ ಖುಷಿಯಿಂದ ಹೇಳಿದ್ದನ್ನು ಕೇಳಿದ್ದೆ. ಟೀ ಅಂಗಡಿಯಲ್ಲಿ ನಾಲ್ಕು ಜನಕ್ಕೆ ಹೇಳಿಕೊಂಡೂ ಬಂದೆ. ನಮ್ಮ ಹಿಂದಿನ ರೂಮಿಗೆ ಬಾಡಿಗೆಗೆ ಬಂದಿರುವ ಬಾಗಲಕೋಟೆಯ ಭುವನೇಶ್ವರಿ, ಮಾತ್ರೆ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಮಾಡೋಳು, ನಗು ತಡೆದುಕೊಂಡು ಹೇಳಿದಳು: "ಅಜ್ಜಾರ, ಕಂಬಕ್ಕ ಅಂದ್ರ ಚಲೋ ಮಾತು. ಮನಷ್ಯಾಗ ಅಂದ್ರ ಅಲ್ಲರಿ. ಯಾರ ಮಾತಿಗೂ ಬಗ್ಗಂಗಿಲ್ಲ ಅಂತ ಅರ್ಥ."

ಆವತ್ತು ಊಟ ಸೇರಲಿಲ್ಲ. ನಿಮ್ಮಮ್ಮ ಕೆಲಸಕ್ಕೆ ಹೋಗ್ತೀನಿ ಅಂದಾಗಲೆಲ್ಲ, ನಮ್ಮ ಮನೆ ಸೊಸೆ ಫ್ಯಾಕ್ಟರಿ ಗೇಟಿನಲ್ಲಿ ನಿಲ್ಲೋದು ಬೇಡ ಅಂದವನು ನಾನೇ. ಮಗ ತೀರಿಹೋದ ಮೇಲೆ ಸೊಸೆ ಗೌರಿಯನ್ನು ಕಾಪಾಡುತ್ತಿದ್ದೀನಿ ಅಂತಲೇ ತಿಳಿದಿದ್ದೆ. ಮಾರನೇ ದಿನ ಬೆಳಿಗ್ಗೆ ಸೊಪ್ಪು ಬಿಡಿಸುತ್ತಿದ್ದವಳನ್ನು ಕೇಳಿದೆ, "ಭುವನೇಶ್ವರಿ ಜೊತೆ ಫ್ಯಾಕ್ಟ್ರಿಗೆ ಹೋಗ್ತೀಯೇನಮ್ಮ?" ಅವಳು ತಲೆ ಎತ್ತಲಿಲ್ಲ. "ನಿಮಗೆ ಮುದ್ದೆ ಯಾರು ತೊಳಸ್ತಾರೆ ಮಾವ?" ಅಂದಳು. "ನಂಗೇನ್ ಕೈಯಿಲ್ವಾ?" ಅಂದೆ.

ಈಗ ಫಸ್ಟ್ ಶಿಫ್ಟಿಗೆ ಹೋಗುತ್ತಾಳೆ. ನನ್ನ ಮುದ್ದೆ ಬರೀ ಗಂಟು, ಏನೂ ಅನ್ನದೆ ಉಣ್ಣುತ್ತಾಳೆ. ಆಮೇಲೆ ಫ್ಯಾಕ್ಟರಿಯ ಸುದ್ದಿ ಹೇಳಿ ಹೇಳಿ ನಗುತ್ತಾಳೆ. ಅವಳ ನಗು ಕೇಳಿ ಎಷ್ಟು ವರ್ಷವಾಗಿತ್ತು ಮಗಾ.

ಚೆನ್ನಾಗಿ ಓದು, ಹೊತ್ತಿಗೆ ಸರಿಯಾಗಿ ಉಣ್ಣು. ನಮ್ಮೂರ ದೇವಿ ನಿನ್ನ ಬೆನ್ನಿಗಿರಲಿ.

ನಿನ್ನ ತಾತ,
ನಲ್ಲಪ್ಪ

ಇದೊಂದು ಬಿಟ್ಟುಹೋಯಿತು: ಫ್ಯಾಕ್ಟರಿ ಬಸ್ಸು ಓಡಿಸುವ ಮುನೀಂದ್ರ, ಅತ್ತಿಬೆಲೆಯವನು, ಹೆಂಡತಿ ತೀರಿಕೊಂಡಿದ್ದಾಳೆ. ಹೋದ ಭಾನುವಾರ ತಾಯಿ ಕೃಷ್ಣಮ್ಮನನ್ನು ಕರೆದುಕೊಂಡು ಬಂದು ಗೌರಿಯನ್ನು ಮದುವೆಗೆ ಕೇಳಿದ. ನಾನು ಒಪ್ಪಿದ್ದೀನಿ. ಅವಳಿಗೂ ಮನಸ್ಸಿದೆ, "ಲಾವಣ್ಯ ಏನಂತಾಳೋ" ಅನ್ನುವುದೊಂದೇ ಭಯ. ನಿಮ್ಮಪ್ಪನ ಫೋಟೊ ನನ್ನ ಕೋಣೆಗೆ ತಂದಿಟ್ಟುಕೊಂಡಿದ್ದೀನಿ. ಕಾಗದ ಕೈಗೆ ಸಿಕ್ಕ ತಕ್ಷಣ ನಿಮ್ಮಮ್ಮನ ಹತ್ತಿರ ಮಾತಾಡು.