ಕಣ್ಣು ಮುಚ್ಚಿ ಕೇಳಿದ ಆರ್ಕ್

ಅಮ್ಮ, ನೀನಿಲ್ಲ, ಆದರೂ ಇವತ್ತಿನದನ್ನು ನಿನಗೇ ಹೇಳಬೇಕು.

ಪ್ರಯೋಗಾಲಯದಲ್ಲಿ ವೆಲ್ಡಿಂಗ್ ಆರ್ಕಿನ, ಅಂದರೆ ಕಡ್ಡಿಗೂ ಕಬ್ಬಿಣಕ್ಕೂ ನಡುವೆ ಉರಿಯುವ ವಿದ್ಯುತ್ ಕಿಡಿಯ, ತಾಪ ಅಳೆಯುತ್ತಿದ್ದೆವು. ಬೆಳಿಗ್ಗೆಯಿಂದ ಪರದೆಯ ಮೇಲಿನ ಗೆರೆ ಸುಮ್ಮನೆ ಕುಣಿಯುತ್ತಿತ್ತು. ಬೇಸತ್ತು ಕಣ್ಣು ಮುಚ್ಚಿದೆ. ನಿನ್ನ ವೆಲ್ಡಿಂಗ್ ಶೆಡ್ಡಿನಲ್ಲಿ ನೀನು ಹೇಳುತ್ತಿದ್ದ ಮಾತು ನೆನಪಾಯಿತು: "ಬೆಳಕು ಬಿಡೇ, ಸದ್ದು ಕೇಳು. ಬಾಣಲೆಯಲ್ಲಿ ಕರಿಯೋ ಥರ ಒಂದೇ ಸಮ ಚುರುಗುಟ್ಟಬೇಕು. ಪಟಪಟ ಸಿಡಿದ್ರೆ ಕಡ್ಡಿ ದೂರ ಇದೆ ಅಂತ."

ಪಟಪಟ ಸಿಡಿಯುತ್ತಿತ್ತು. ಕಡ್ಡಿಯನ್ನು ಚೂರು ಹತ್ತಿರ ತಂದೆ. ಗೆರೆ ನೆಟ್ಟಗಾಯಿತು: ಆರು ಸಾವಿರ ಡಿಗ್ರಿ.

"ಎಲ್ಲಿ ಕಲಿತ್ರಿ ಇದನ್ನ?" ಎಂದರು ಪ್ರೊಫೆಸರ್.

ಶಾಲೆಯಲ್ಲಿ ನಿನ್ನನ್ನು ಟೈಲರ್ ಎಂದು ಸುಳ್ಳು ಹೇಳಿದ್ದೆ. ನಿನಗೆ ಗೊತ್ತಾದಾಗ, "ಸುಳ್ಳೇನಲ್ಲ ಬಿಡು, ಕಬ್ಬಿಣ ಹೊಲೀತೀನಲ್ಲ" ಎಂದು ನಕ್ಕಿದ್ದೆ ನೀನು.

"ನಮ್ಮಮ್ಮನ ಹತ್ರ. ವೆಲ್ಡರ್ ಆಗಿದ್ರು," ಎಂದೆ. ಹೇಳುವುದು ಇಷ್ಟು ಸುಲಭವಿತ್ತು.

ನಾಳೆ ಆರ್ಕಿನ ಪಕ್ಕ ಮೈಕ್ ಇಟ್ಟು, ಪ್ರಯೋಗಾಲಯದ ನಾವು ನಾಲ್ಕು ಜನ ಕಣ್ಣು ಮುಚ್ಚಿ ಸದ್ದು ಕೇಳುತ್ತಾ ಕೂರುತ್ತೇವೆ, ಅಮ್ಮ.