ಹಳೇ ಒಲೆಯ ಹತ್ತಿರದ ನೊಣ

ಆಲಂತೇರಿವಿಳೈ
23-4-1987, ಗುರುವಾರ

ಮುದ್ದಿನ ಮಗಳು ಮುತ್ತುಕನಿಗೆ ಅಮ್ಮ ಇಸಕ್ಕಿಯಮ್ಮಾಳ್ ಬರೆಯುವುದು.

ಸಂಜೆ ಆರೂಕಾಲು. ಗಾಳಿ ಕಡಲ ಕಡೆಯಿಂದ. ಮರಳು ಇನ್ನೂ ಬಿಸಿ. ಇವತ್ತು ಬೆಲ್ಲಕ್ಕಿಟ್ಟ ಒಂದು ಕಡಾಯಿ ಪದನೀರು, ತಾಳೆಯ ರಸ, ಸೀದುಹೋಯಿತು, ನನ್ನ ಎಡಗೈ ಸುಟ್ಟಿತು, ನಿನ್ನ ತಮ್ಮ ಲಿಂಗಂನ ನೊಣ ಸಿಕ್ಕಿತು.

ನೋಡು, ಕ್ಷೇಮ ಕೇಳುವ ಮೊದಲೇ ಸುದ್ದಿ ಉಸುರಿಬಿಟ್ಟೆ. ನೀನು ಹೇಗಿದ್ದೀಯ ತಾಯಿ? ಅಳಿಯಂದಿರು ಹೇಗಿದ್ದಾರೆ? ಮಗುವಿಗೆ ಕೆಳಗಿನ ಹಲ್ಲು ಬಂತೇ? ಧಾರಾವಿಯಲ್ಲಿ ನೀರಿಗೆ ಇನ್ನೂ ಬೆಳಗಿನ ಜಾವ ಎದ್ದು ಸಾಲು ನಿಲ್ಲಬೇಕೇ? ಮುರುಕು ಸುತ್ತಿ ಸುತ್ತಿ ನಿನ್ನ ಬೆನ್ನು ನೋಯುತ್ತದೆಂದು ಹೋದ ಸಲದ ಕಾರ್ಡಿನಲ್ಲಿ ನೀನು ಬರೆದಿದ್ದೆ. ಮಣೆಯ ಮೇಲೆ ಕೂತು ಮಾಡು, ನೆಲಕ್ಕೆ ಬಾಗಬೇಡ. ಇಲ್ಲಿ ನಿಮ್ಮಪ್ಪ ಚೆನ್ನಾಗಿದ್ದಾರೆ. ಈ ವರ್ಷವೂ ಮೂವತ್ತು ತಾಳೆಮರ ಹತ್ತುತ್ತಾರೆ, ದಿನಕ್ಕೆ ಎರಡು ಸಲ. ಬೇಡ ಅಂದರೆ, "ಇಳಿಯೋದು ಮರತ್ರೆ ಹೇಳ್ತೀನಿ, ಸುಮ್ನಿರು" ಅನ್ನುತ್ತಾರೆ. ಪೇಚಿ ಅತ್ತೆಯ ಬಾಯಿ ಮೊದಲಿನ ಹಾಗೇ ಇದೆ, ಅಂದರೆ ಅವಳೂ ಆರೋಗ್ಯವಾಗಿದ್ದಾಳೆ.

ಮೇಲೆ ಹೊತ್ತು, ಗಾಳಿ, ಮರಳು ಅಂತ ಬರೆದದ್ದು ನೋಡಿ ನಗಬೇಡ. ಲಿಂಗಂ ಹೋದಮೇಲೆ ಅವನು ಬರೆಯದೆ ಬಿಟ್ಟ ನೋಟುಪುಸ್ತಕಗಳಲ್ಲಿ ನಾನು ದಿನಕ್ಕೆ ನಾಲ್ಕು ಸಾಲು ಬರೆಯುತ್ತೇನೆ. ನಾನು ಓದಿದ್ದು ಎಂಟನೇ ಕ್ಲಾಸು, ಬರೆಯಲು ಏನು ಗೊತ್ತು? ಅವನು ಹುಳು ಹಿಡಿದ ದಿನ ಮೊದಲು ಹೊತ್ತು ಬರೆಯುತ್ತಿದ್ದ, ಆಮೇಲೆ ಗಾಳಿ, ಆಮೇಲೆ ಮರಳು. "ಇಷ್ಟು ಬರೆದ್ರೆ ಸಾಕಮ್ಮ, ಉಳಿದದ್ದು ತಾನೇ ಬರುತ್ತೆ" ಅನ್ನುತ್ತಿದ್ದ. ಎರಡು ವರ್ಷ ಮೂರು ತಿಂಗಳಿಂದ ಹಾಗೇ ಬರೆಯುತ್ತಿದ್ದೇನೆ. ಎಷ್ಟೋ ದಿನ ಉಳಿದದ್ದು ಬರಲೇ ಇಲ್ಲ. ಇವತ್ತು ಮಾತ್ರ ಕೈ ನಿಲ್ಲುತ್ತಿಲ್ಲ.

ಮೊದಲಿನಿಂದ ಹೇಳುತ್ತೇನೆ. ಲಿಂಗಂನ ಕಾಲೇಜಿನ ಬ್ಯೂಲಾ ಟೀಚರ್ ನಿನಗೆ ಗೊತ್ತಲ್ಲ, ನಿನ್ನ ಮದುವೆಗೆ ಸ್ಟೀಲ್ ಕೊಡ ತಂದವರು. ಅವನ ಹುಳುಗಳ ಪೆಟ್ಟಿಗೆಗಳೆಲ್ಲ ಅವರ ಹತ್ತಿರವೇ ಇದ್ದವು. ಹೋದ ವರ್ಷ ಅವನ್ನು ಒಂದೊಂದಾಗಿ ನೋಡುವಾಗ ಒಂದು ದರೋಡೆ ನೊಣ ಅವರ ಕಣ್ಣಿಗೆ ಬಿತ್ತಂತೆ. ಹಾರುವ ಜೇನನ್ನು ಗಾಳಿಯಲ್ಲೇ ಕೆಡವಿ ರಕ್ತ ಹೀರುತ್ತದೆಂದು ಅದಕ್ಕೆ ಆ ಹೆಸರು. ನೊಣಗಳಲ್ಲಿ ಅದು ಹದ್ದು ಇದ್ದಹಾಗೆ ಅಂತ ಲಿಂಗಂ ಹೇಳುತ್ತಿದ್ದ. ಟೀಚರ್ ಪುಸ್ತಕಗಳನ್ನೆಲ್ಲ ತಿರುವಿಹಾಕಿದರೂ ಆ ನೊಣಕ್ಕೆ ಸರಿಹೊಂದುವ ಹೆಸರು ಸಿಗಲಿಲ್ಲ. ಅಂದರೆ ಅದನ್ನು ಇದುವರೆಗೆ ಯಾರೂ ಬರೆದಿಲ್ಲ ಕನಿ! ಯಾರೂ! ನಮ್ಮ ತೇರಿಯಲ್ಲಿ, ಈ ಕೆಂಪು ಮರಳುದಿಬ್ಬಗಳಲ್ಲಿ ನಮ್ಮ ಹುಡುಗ ಹಿಡಿದ ನೊಣ.

ಹೊಸದು ಅಂತ ಸುಮ್ಮನೆ ಹೇಳಿದರೆ ಆಗುವುದಿಲ್ಲವಂತೆ. ತಲೆಯಿಂದ ಬಾಲದವರೆಗೆ ಕೂದಲು ಕೂದಲು ಎಣಿಸಿ ಬರೆಯಬೇಕು. ಗಂಡಿನ ಬಾಲದ ತುದಿ ಕತ್ತರಿಸಿ, ಕ್ಷಾರದ ನೀರಿನಲ್ಲಿ ಕುದಿಸಿ, ಭೂತಗನ್ನಡಿಯಲ್ಲಿ ನೋಡಿ ಚಿತ್ರ ಬರೆಯಬೇಕು. ಒಂದು ಜಾತಿಗೂ ಇನ್ನೊಂದಕ್ಕೂ ವ್ಯತ್ಯಾಸ ಗೊತ್ತಾಗುವುದು ಅಲ್ಲೇ ಅಂತೆ. ಇದನ್ನು ಪೇಚಿಗೆ ಹೇಳಿದೆ, ಹೇಳಬಾರದಿತ್ತು. "ಏನತ್ತಿಗೆ, ಇಷ್ಟು ಓದಿದೋರು ನೊಣದ ಹಿಂಭಾಗ ನೋಡಿ ಕುಲ ಹೇಳ್ತಾರಾ? ನಮ್ಮಲ್ಲಿ ಹೆಣ್ಣು ನೋಡೋಕ್ ಬಂದೋರೂ ಮುಖ ನೋಡ್ತಾರಪ್ಪ!" ಅಂದಳು. ಟೀಚರ್ ಪಕ್ಕದಲ್ಲೇ ಇದ್ದರು. ಪುಣ್ಯಕ್ಕೆ ಅವರೇ ಮೊದಲು ನಕ್ಕರು.

ಈಗ ನಾವಿಬ್ಬರೂ ಬಾಯಿಬಿಟ್ಟು ಆಡದ ಮಾತಿಗೆ ಬರಬೇಕು, ಬೇಸರ ಮಾಡಿಕೊಳ್ಳಬೇಡ. ಟೀಚರ್ ಬರೆದದ್ದನ್ನು ಕಲ್ಕತ್ತಾದಲ್ಲಿ ನೊಣಗಳನ್ನು ಬಲ್ಲ ಹಿರಿಯರೊಬ್ಬರಿಗೆ ಕಳಿಸಿದರು. ಅವರು ಹೀಗೆ ಉತ್ತರ ಬರೆದರು: ಇರುವುದು ಒಂದೇ ನೊಣ, ಅದಕ್ಕೂ ಒಂದು ಕಾಲಿಲ್ಲ; ನೋಡಿದರೆ ರಾಜಸ್ಥಾನದ ಮರಳುಗಾಡಿನ ನೊಣಗಳ ಹತ್ತಿರದ್ದು; ಊರಿನ ಚೀಟಿ ಅದಲುಬದಲಾಗಿರಬೇಕು. ಟೀಚರ್ ಇದನ್ನು ಅಲ್ಲಗಳೆಯುವ ಹಾಗಿರಲಿಲ್ಲ. ಯಾಕೆಂದರೆ ಆ ಪೆಟ್ಟಿಗೆ ಒಂದು ಸಲ ಬಿದ್ದಿತ್ತು ಅಂತ ಲಿಂಗಂ ಅವರಿಗೆ ಹೇಳಿದ್ದ. ಜೋಧಪುರದ ಸ್ನೇಹಿತ ಕಳಿಸಿದ ಅಲ್ಲಿನ ಹುಳುಗಳ ಪೊಟ್ಟಣಗಳೂ ಅದರಲ್ಲೇ ಇದ್ದವು ಅಂತಲೂ ಹೇಳಿದ್ದ. ಯಾರು ಬೀಳಿಸಿದರು ಅಂತ ಮಾತ್ರ ಹೇಳಿರಲಿಲ್ಲ.

ನಿನ್ನನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಅದು. ನೀನು ಜಗಲಿ ಗುಡಿಸಲು ಪೆಟ್ಟಿಗೆಯನ್ನು ಭತ್ತದ ಕಣಜದ ಮೇಲಿಟ್ಟೆ, ಅದು ಬಿತ್ತು. ಪೊಟ್ಟಣಗಳು ಬಿಚ್ಚಿ ಎಲ್ಲ ಚೆಲ್ಲಾಪಿಲ್ಲಿ. ಅವನು ಕಿರುಚಿದ. ನೀನು ಪೊರಕೆ ಹಿಡಿದುಕೊಂಡೇ, "ಸತ್ತ ನೊಣಕ್ಕೆ ಇಷ್ಟು ಅಳೋನು, ನಾನು ಸತ್ರೆ ಅಳ್ತೀಯೇನೋ?" ಅಂದೆ. ಆಮೇಲೆ ನಿನ್ನ ಮದುವೆಯಲ್ಲಿ ಅವನು ಟ್ರಂಕು ಹೊತ್ತ, ಬಾಳೆಲೆ ಹಾಸಿದ, ರೈಲಿಗೂ ಬಂದ, ಒಂದು ಮಾತಾಡಲಿಲ್ಲ. ಜನವರಿಯಲ್ಲಿ ಕಾಮಾಲೆ ಅವನನ್ನು ಹನ್ನೊಂದು ದಿನದಲ್ಲಿ ತೆಗೆದುಕೊಂಡುಹೋಯಿತು. ನೀನು ಎರಡು ದಿನ ರೈಲಿನಲ್ಲಿ ಕೂತು ಬಂದಾಗ ಮಣ್ಣು ಮಾಡಿ ಆಗಿತ್ತು. ಆಮೇಲೆ ನೀನು ಈ ಕಡೆ ಬಂದಿಲ್ಲ. ಯಾಕೆಂದು ನಾನು ಕೇಳಿಲ್ಲ, ನನಗೆ ಗೊತ್ತು.

ಆ ನೊಣ ಇದೇ ಊರಿನದೆಂದು ತೋರಿಸಬೇಕಾದರೆ ಇಲ್ಲೇ ಇನ್ನೊಂದು ಸಿಗಬೇಕು. ಸಿಗದಿದ್ದರೆ ಅವನ ಕೆಲಸ ಕಸ, ಪೆಟ್ಟಿಗೆ ಬೀಳಿಸಿದ ಕೈಯ ಮೇಲೇ ಆ ಮಾತು ಶಾಶ್ವತವಾಗಿ ಉಳಿಯುತ್ತದೆ. ಟೀಚರ್ ಈಸ್ಟರ್ ರಜೆಯಲ್ಲಿ ಸೋಮವಾರ ಬಲೆ ಹಿಡಿದು ಬಂದರು. ಲಿಂಗಂನ ಚೀಟಿಯಲ್ಲಿ ಹೀಗಿತ್ತು: 'ತೇರಿ, ಅಮ್ಮನ ಬೆಲ್ಲದ ಒಲೆಯ ಹತ್ತಿರ, 19-4-84, ಬೆಳಿಗ್ಗೆ 11.' "ನಿಮ್ಮ ಒಲೆ ಎಲ್ಲಮ್ಮ?" ಅಂದರು. ನಾನು ಕರೆದುಕೊಂಡು ಹೋಗಿ ತೋರಿಸಿದೆ. ಸೋಮವಾರ, ಮಂಗಳವಾರ, ಬುಧವಾರ, ಮೂರು ದಿನ ಆ ಬಿಸಿಲಲ್ಲಿ ನಡೆದರು, ಮುಖ ಸುಟ್ಟ ಹಪ್ಪಳದ ಹಾಗಾಯಿತು. ಜೇನು ಸಿಕ್ಕಿತು, ಕಣಜ ಸಿಕ್ಕಿತು, ಆ ನೊಣ ಇಲ್ಲ. ನಿನ್ನೆ ಸಂಜೆ ಬಸ್ಸು ಹತ್ತುವಾಗ, "ನಾಳೆ ಒಂದಿನ ಬರ್ತೀನಮ್ಮ, ಆಮೇಲೆ ಕಲ್ಕತ್ತಾಕ್ಕೆ ಕಳಿಸಿದ ಕಾಗದ ವಾಪಸ್ ತಗೊಳ್ಳೋದೇ" ಅಂದರು. ಆಗ ಅವರ ಕಣ್ಣು ನೋಡಲು ನನಗಾಗಲಿಲ್ಲ.

ಯಾಕೆಂದರೆ ನಾನು ತೋರಿಸಿದ್ದು ಈಗಿನ ಒಲೆ, ಬಾವಿಯ ಕಡೆಯದು. ಅವನಿದ್ದಾಗ ಒಲೆ ಇದ್ದದ್ದು ಅಯ್ಯನಾರ್ ಗುಡಿಯ ಹಿಂದಿನ ದಿಬ್ಬದಲ್ಲಿ. ಅವನು ಹೋದಮೇಲೆ ನಾನು ಆ ಕಡೆ ಕಾಲಿಟ್ಟಿಲ್ಲ. ಅಲ್ಲಿ ಒಲೆಯ ಪಕ್ಕ ತಾಳೆಗರಿಯ ನೆರಳಿನಲ್ಲಿ ಅವನು ತಂಗಳನ್ನ ತಿನ್ನುತ್ತಿದ್ದ, ಕಡಾಯಿಯ ಅಂಚಿನ ಬೆಲ್ಲ ಕೆರೆದು ಕೊಡು ಅಂತ ಪೀಡಿಸುತ್ತಿದ್ದ. ಟೀಚರ್ ಕೇಳಿದಾಗ ನಾನು ಸುಳ್ಳು ಹೇಳಿದೆನೆಂದಲ್ಲ ಕನಿ. ಒಲೆ ಅಂದರೆ ಒಲೆ, ಕಾಲು ತಾನಾಗಿ ಬಾವಿಯ ಕಡೆಗೆ ಹೋಯಿತು. ಎರಡನೇ ದಿನಕ್ಕೆ ಮಾತ್ರ ನೆನಪಾಗಿತ್ತು. ಬಾಯಿ ಬಿಡಲಿಲ್ಲ. ಅದು ನನ್ನ ತಪ್ಪು.

ರಾತ್ರಿ ಊಟಕ್ಕೆ ಕೂತಾಗ ನಿಮ್ಮಪ್ಪನಿಗೆ ಹೇಳಿದೆ. ಅವರು ತಟ್ಟೆ ನೋಡುತ್ತಲೇ, "ಗೊತ್ತು. ನೀನಾಗೇ ಹೇಳ್ಲಿ ಅಂತ ಕಾಯ್ತಿದ್ದೆ" ಅಂದರು. ಬೆಳಿಗ್ಗೆ ಮೊದಲ ಮರಗಳು ಮುಗಿದ ಕೂಡಲೇ ಗುದ್ದಲಿ ತಂದರು. ದಿಬ್ಬ ಜರುಗಿ ಒಲೆಯ ಕಲ್ಲುಗಳು ಮೊಳದಾಳ ಹೂತಿದ್ದವು. ಒಂದೊಂದೇ ಎತ್ತಿಟ್ಟರು. ಒಂದರ ಮೇಲೆ ಇನ್ನೂ ಮಸಿ ಇತ್ತು. ನಾನು ಗರಿ ಹಚ್ಚಿ ಕಡಾಯಿ ಏರಿಸಿದೆ. ಪದನೀರು ಕುದಿದು ಘಮ ಎದ್ದದ್ದೇ ತಡ, ಎಲ್ಲಿದ್ದವೋ ಜೇನುಗಳೆಲ್ಲ ಬಂದವು. ಹತ್ತೂವರೆ ಇರಬಹುದು. ಪೇಚಿ ಸೌಟು ತಿರುವುತ್ತಾ ಯಾರದೋ ಸೊಸೆಯ ಕಥೆ ಹೇಳುತ್ತಿದ್ದಳು. ನನ್ನ ಕಾಲಿನಿಂದ ಎರಡು ಮೊಳ ದೂರದಲ್ಲಿ, ಬರೀ ಮರಳ ಮೇಲೆ, ಅದು ಬಂದು ಕೂತಿತು. ಉದ್ದ ಮೈ, ಗಡ್ಡ ಬಿಟ್ಟ ಮುಖ, ಎರಡು ಕಣ್ಣಿನ ನಡುವೆ ತಗ್ಗು, ಬಾಯಲ್ಲಿ ಒಂದು ಜೇನು. ಮೂಗುಬೊಟ್ಟಿನ ಹಾಗೆ ಹೊಳೆಯುತ್ತಿತ್ತು. ಟೀಚರ್ ಬಿಟ್ಟುಹೋದ ಬಲೆ ಮುಳ್ಳುಗಿಡಕ್ಕೆ ಸಿಕ್ಕಿಕೊಂಡಿತ್ತು. ಬೆಲ್ಲ ಹೊಯ್ಯಲು ತೊಳೆದಿಟ್ಟ ತೆಂಗಿನ ಚಿಪ್ಪು ಕೈಯಲ್ಲಿತ್ತು. ಉಸಿರು ಹಿಡಿದು ಚಿಪ್ಪನ್ನು ಅದರ ಮೇಲೆ ಕವುಚಿಬಿಟ್ಟೆ!

ಆಮೇಲೆ ಚಿಪ್ಪನ್ನು ಒತ್ತಿ ಹಿಡಿದು ಕೂತೆ. ಏಳಲೂ ಭಯ, ಕೂಗಲೂ ಭಯ. "ಅತ್ತಿಗೆ, ಹಾವಾ?" ಅಂತ ಪೇಚಿ ಸೌಟು ಬಿಸಾಡಿ ಓಡಿದಳು. ಕಡಾಯಿ ಉಕ್ಕಿತು, ಕೈ ಚಾಚಿದೆ, ಸುಟ್ಟಿತು, ಚಿಪ್ಪು ಬಿಡಲಿಲ್ಲ. ಹನ್ನೊಂದರ ಬಸ್ಸಿಗೆ ಟೀಚರ್ ಬರುವ ಹೊತ್ತಿಗೆ ಎಲ್ಲ ಕಪ್ಪಾಗಿತ್ತು. "ಬೆಲ್ಲ ಕಾಯಿಸು ಅಂದ್ರೆ ಇದ್ದಿಲು ಮಾಡಿದ್ದೀಯಲ್ಲ, ಇಸ್ತ್ರಿ ಅಂಗಡಿಗೆ ಹಾಕೋಣ ಬಿಡು" ಅಂತ ಪೇಚಿ ಬೈಯುತ್ತಲೇ ಇದ್ದಳು. ಟೀಚರ್ ಮರಳಲ್ಲಿ ಮಂಡಿಯೂರಿ, ಚಿಪ್ಪಿನ ಕೆಳಗೆ ರಟ್ಟು ತೂರಿಸಿ, ಗಾಜಿನ ಕೊಳವೆಗೆ ಬಿಟ್ಟುಕೊಂಡು, ಕಣ್ಣಿಗೆ ಪುಟ್ಟ ಭೂತಗನ್ನಡಿ ಹಿಡಿದು ನೋಡಿದರು. ನೋಡುತ್ತಲೇ ಇದ್ದರು. ಕೊನೆಗೆ ಅವರು, "ಹೆಣ್ಣು. ಅದೇ ಜಾತಿ. ಅದೇ ಅಮ್ಮ, ಅದೇ!" ಅಂದರು. ಮಧ್ಯಾಹ್ನದೊಳಗೆ ಅವರೇ ಎರಡು ಗಂಡು ಹಿಡಿದರು, ಎಲ್ಲ ಆ ಒಲೆಯಿಂದ ಹತ್ತು ಹೆಜ್ಜೆ ಒಳಗೆ. ಲಿಂಗಂನ ಚೀಟಿ ಸರಿಯಾಗೇ ಇತ್ತು ಕನಿ. ಪೆಟ್ಟಿಗೆ ಬಿದ್ದರೂ ಏನೂ ಅದಲುಬದಲಾಗಿರಲಿಲ್ಲ. ಇದನ್ನು ಎರಡು ಸಲ ಓದು.

ಅವನು ಹಿಡಿದ ನೊಣವನ್ನು ಟೀಚರ್ ಪುಟ್ಟ ಪೆಟ್ಟಿಗೆಯಲ್ಲಿ ತಂದಿದ್ದರು, ಮೊದಲ ಸಲ ಕೈಯಲ್ಲಿ ಹಿಡಿದು ನೋಡಿದೆ. ಸೂಜಿಯ ಮೇಲೆ ನೊಣ, ಕೆಳಗೆ ಉಗುರಿನಷ್ಟು ಚೀಟಿಗಳು ಒಂದರ ಕೆಳಗೊಂದು. ಮೇಲಿನದು ಅವನ ಅಕ್ಷರ. ಅದರ ಕೆಳಗೆ ಯಾರೋ 'ರಾಜಸ್ಥಾನ?' ಅಂತ ಬರೆದು ಚುಚ್ಚಿದ್ದಾರೆ. ಅದನ್ನು ಕಿತ್ತುಹಾಕಿ ಅಂದೆ. "ಹಾಗೆ ಮಾಡೋ ಹಾಗಿಲ್ಲಮ್ಮ. ಒಂದು ಸಲ ಸೂಜಿಗೆ ಹಾಕಿದ ಚೀಟಿ, ತಪ್ಪಾದ್ರೂ ಯಾರೂ ತೆಗೀಬಾರದು. ಸರಿಯಾದದ್ದನ್ನ ಕೆಳಗೆ ಸೇರಿಸ್ಬೇಕು, ಅಷ್ಟೆ" ಅಂದರು. ಆಗಿನಿಂದ ನಾನು ಇದನ್ನೇ ಯೋಚಿಸುತ್ತಿದ್ದೇನೆ. ನಾನು ಹಿಡಿದ ಹೆಣ್ಣನ್ನು ಬಾಯಲ್ಲಿದ್ದ ಜೇನಿನ ಸಮೇತ ಒಂದೇ ಸೂಜಿಗೆ ಹಾಕುತ್ತಾರಂತೆ, ಏನು ತಿನ್ನುತ್ತಿತ್ತೆಂದು ಮುಂದಿನವರಿಗೆ ಗೊತ್ತಾಗಲೆಂದು. ಅದರ ಚೀಟಿಯಲ್ಲಿ ಹಿಡಿದವರು ಇಸಕ್ಕಿಯಮ್ಮಾಳ್ ಅಂತ ಇರುತ್ತದೆ. ಪೇಚಿ, "ಮಗ್ಗುಲಲ್ಲಿ ಪೇಚಿ ಕಿರುಚಿದಳು ಅಂತಾನೂ ಹಾಕ್ಸಿ" ಅಂದಳು.

ಅಳಿಯಂದಿರಿಗೆ ನಮ್ಮ ನೆನಪು ಹೇಳು. ಮಗುವಿನ ಎರಡು ಕೆನ್ನೆಗೂ ಮುತ್ತು. ಸುಡದ ಬೆಲ್ಲ ಎರಡು ಅಚ್ಚು ಶಣ್ಮುಗಂ ಅಂಗಡಿಯವರ ಕೈಲಿ ಕಳಿಸುತ್ತೇನೆ. ಅಯ್ಯನಾರ್ ನಿಮ್ಮ ಬಾಗಿಲು ಕಾಯಲಿ, ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಮ್ಮ,
ಇಸಕ್ಕಿಯಮ್ಮಾಳ್

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆಯಲೇಬೇಕು, ದೀಪದ ಎಣ್ಣೆ ಕಡಿಮೆ ಇದೆ. ನೊಣಕ್ಕಿಡುವ ಹೆಸರನ್ನು ಅಚ್ಚಾಗುವವರೆಗೆ ಯಾರಿಗೂ ಹೇಳಬಾರದೆಂದು ಅವರಲ್ಲಿ ಕಟ್ಟುನಿಟ್ಟು. ಯಾರ ಹೆಸರಿಡುತ್ತಾರೋ ಅವರನ್ನು ಮಾತ್ರ ಕೇಳಬೇಕಂತೆ. ಹೊಸ ಜಾತಿಯೆಂದು ಲಿಂಗಂಗೆ ಆಗಲೇ ಅನಿಸಿತ್ತು, ಹೆಸರನ್ನೂ ತನ್ನ ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದ. ಟೀಚರ್ ಇವತ್ತು ನಾಚಿಕೊಂಡೇ ಕೇಳಿದರು, "ಅಮ್ಮಾ, ಈ ಮುತ್ತುಕನಿ ಯಾರು? ಅವನಿಗೆ ಇಷ್ಟವಿದ್ದ ಹುಡುಗೀನಾ?" ಮನೆಯಲ್ಲಿ ನಿನ್ನನ್ನು ಕನಿ ಅಂತ ಕರೆಯುವುದನ್ನೇ ಕೇಳಿದವರು, ಲಗ್ನಪತ್ರಿಕೆಯ ಹೆಸರು ಮರೆತಿದ್ದಾರೆ. ಆ ಸಾಲಿನ ಮೇಲೆ ಅವನು ಹೊತ್ತು ಬರೆದಿದ್ದಾನೆ: 13-5-84, ಸಂಜೆ ಏಳು. ಪೆಟ್ಟಿಗೆ ಬಿದ್ದ ದಿನವೇ, ಗಂಡಿನವರು ಎದ್ದುಹೋದ ಮೇಲೆ. ಅವನು ಮಾತು ಬಿಟ್ಟದ್ದೆಲ್ಲ ಕೋಪಕ್ಕೋ, ಬಾಯಿಜಾರಿ ಹೇಳಿಬಿಟ್ಟೇನೆಂಬ ಭಯಕ್ಕೋ, ನನಗೆ ಗೊತ್ತಿಲ್ಲ, ಕೇಳಲು ಅವನಿಲ್ಲ. ಅವನ ನೊಣದ ಬಲ ಹಿಂಗಾಲು ಮಂಡಿಯಿಂದ ಕೆಳಗೆ ಇಲ್ಲ ಅಂತ ಟೀಚರ್ ಬರೆದಿದ್ದಾರೆ, ಪೆಟ್ಟಿಗೆ ಬಿದ್ದ ಗುರುತು, ಅದೂ ಅಚ್ಚಾಗುತ್ತದೆ, ತೆಗೆಯುವ ಹಾಗಿಲ್ಲ. ಒಪ್ಪಿಗೆಯಿದ್ದರೆ ಒಂದು ಕಾರ್ಡು ಹಾಕು. ಬಂದೇ ಹೇಳುವುದಾದರೆ ಕಾರ್ಡು ಬೇಡ. ನಾಳೆ ಬೆಳಿಗ್ಗೆ ಹಳೇ ಒಲೆಯಲ್ಲೇ ಬೆಲ್ಲ ಕಾಯಿಸುತ್ತೇನೆ.